ಉಳಿದರ್ಧ ಕೊಟ್ಟವರು

ಕಳೆದ ವರ್ಷ ತಮ್ಮನ ಮಗಳು ಬಿ.ಎಸ್ಸಿ.ಗೆ ಸೇರಿ ನಮ್ಮ ಮನೆಗೇ ಬಂದಳು. ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಕಷ್ಟ, ಅತ್ತೆಯ ಮನೆ ಶಿವಮೊಗ್ಗದಲ್ಲೇ ಇರುವಾಗ ಹಾಸ್ಟೆಲ್ ಯಾಕೆ ಎಂದು ತಮ್ಮ ತೀರ್ಮಾನಿಸಿದ್ದ. ಕಾಲೇಜು ಶುರುವಾಗಿ ಎರಡು ವಾರ ಕಳೆದಿರಬೇಕು, ಒಂದು ಸಂಜೆ ಚೀಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ಪುಸ್ತಕದ ಪಟ್ಟಿ ಕೊಟ್ಟಿದಾರೆ. ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಗುತ್ತೆ. ಅಪ್ಪ ಈಗ ತಾನೇ ಫೀಸು ಕಟ್ಟಿದಾರೆ. ಮತ್ತೆ ಹೇಗೆ ಕೇಳೋದು?"

ನಾನು ಒಗ್ಗರಣೆ ಸೌಟನ್ನು ಹಾಗೆಯೇ ಇಟ್ಟು ಅವಳ ಮುಖ ನೋಡಿದೆ. ಅದೇ ಮುಖ, ಅದೇ ಚೀಟಿ! 1981ರಲ್ಲಿ ನಾನೂ ಹೀಗೆಯೇ ಒಂದು ಪಟ್ಟಿ ಹಿಡಿದು ಅಮ್ಮನ ಮುಂದೆ ನಿಂತಿದ್ದೆ. ಅಪ್ಪನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ.

ಊಟವಾದ ಮೇಲೆ ಅಟ್ಟದ ಟ್ರಂಕನ್ನು ಇಳಿಸಿದೆವು. ಹಳೆಯ ರೇಷ್ಮೆ ಸೀರೆ, ಮಕ್ಕಳ ಅಂಕಪಟ್ಟಿಗಳ ಅಡಿಯಲ್ಲಿ ಖಾಕಿ ರಟ್ಟು ಹಾಕಿದ ದಪ್ಪ ಪುಸ್ತಕವೊಂದು ಇತ್ತು. ಮಾರಿಸನ್ ಮತ್ತು ಬಾಯ್ಡ್ ಬರೆದ ಆರ್ಗ್ಯಾನಿಕ್ ಕೆಮಿಸ್ಟ್ರಿ. ಮೊದಲ ಹಾಳೆಯಲ್ಲಿ ಬೇರೆ ಬೇರೆ ಶಾಯಿಯಲ್ಲಿ ನಾಲ್ಕು ಹೆಸರು. ಮೊದಲನೆಯದರ ಪಕ್ಕ ಏನೂ ಬರೆದಿಲ್ಲ, ಅವಳು ಹೊಸದನ್ನೇ ಕೊಂಡವಳು. ಎರಡನೆಯದರ ಪಕ್ಕ 'ಮುಕ್ಕಾಲು', ಮೂರನೆಯದರ ಪಕ್ಕ 'ಅರ್ಧ'. ನಾಲ್ಕನೆಯ ಹೆಸರು ನನ್ನದು, 'ಕಾಲು' ಎಂದು ನನ್ನದೇ ಕೈಬರಹ. ಅದರ ಕೆಳಗೆ ಖಾಲಿ.

"ನಿನ್ನ ನಂತರ ಯಾರಿಗೂ ಕೊಡಲಿಲ್ವಾ ಅತ್ತೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ, ಸ್ವಲ್ಪ ತಡೆಯಿರಿ.

ನಾನು ಪಿ.ಯು.ಸಿ. ಮುಗಿಸಿದಾಗ ಅಣ್ಣ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ, ಕೈಗೆ ಕಾಸು ಬರುವುದು ವರ್ಷಕ್ಕೆ ಒಮ್ಮೆ. ಅಪ್ಪ ಕೆಟ್ಟವರಲ್ಲ. ಮಗಳು ಓದಬಾರದು ಎಂದು ಒಂದು ದಿನವೂ ಹೇಳಿದವರಲ್ಲ. ಅವರು ಅಂದದ್ದು ಇಷ್ಟೇ: "ಫೀಸು ಹೇಗೋ ಕಟ್ಟಬಹುದು. ಈ ಪುಸ್ತಕದ ಖರ್ಚು ಯಾರು ಕೊಡೋದು? ಸೈನ್ಸ್ ಬೇಡ, ಬಿ.ಎ. ಓದಲಿ." ನೋಡಿ, ಹೆಣ್ಣುಮಕ್ಕಳ ಓದು ಬಹಳ ಸಲ ನಿಲ್ಲುವುದು ದೊಡ್ಡ ಜಗಳದಿಂದಲ್ಲ, ಇಂಥ ಸಣ್ಣ ಲೆಕ್ಕದಿಂದ.

ಅಮ್ಮ ಏನೂ ಮಾತಾಡಲಿಲ್ಲ. ಸುಗ್ಗಿಯಲ್ಲಿ ದೊಡ್ಡ ಮನೆಗಳ ಅಡಿಕೆ ಸುಲಿಯಲು ಹೋಗಿ ಗಳಿಸಿದ ಹಣ ಅಕ್ಕಿ ಡಬ್ಬದೊಳಗೆ ಇತ್ತು. ಅದನ್ನು ಎಣಿಸಿ ನನ್ನ ಕೈಗಿಟ್ಟಳು. ಪಟ್ಟಿಯ ಹೊಸ ಪುಸ್ತಕಗಳಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಓದು ಮುಗಿಸಿ ಹೊರಟಿದ್ದ ಅಕ್ಕ ಒಬ್ಬಳು ತನ್ನ ಇಡೀ ಸೆಟ್ಟನ್ನು ನನ್ನ ಮುಂದೆ ಇಟ್ಟಳು. "ಅರ್ಧಕ್ಕೆ ನಾನು ತಗೊಂಡೆ. ನೀನು ಕಾಲು ಕೊಡು ಸಾಕು. ಉಳಿದದ್ದು ನನಗೆ ಬೇಡ, ನಿನ್ನ ಹಿಂದೆ ಬರುವವಳಿಗೆ ಬಿಡು" ಎಂದಳು.

ಹೀಗೆ ನಾನು ಸೈನ್ಸ್ ಓದಿದೆ. ನನ್ನ ಪುಸ್ತಕದ ಬೆಲೆಯಲ್ಲಿ ಕಾಲು ಭಾಗ ಅಮ್ಮನದು. ಉಳಿದ ಭಾಗ ಯಾರದು? ಆಗ ಈ ಪ್ರಶ್ನೆ ಹೊಳೆಯಲಿಲ್ಲ. ಆಮೇಲೆ ಬಹಳ ವರ್ಷ ಅಧ್ಯಾಪಕಿಯಾಗಿ ಕಪಾಟುಗಳ ನಡುವೆ ಕಳೆದಾಗ ತಿಳಿಯುತ್ತ ಹೋಯಿತು. ನಮ್ಮ ದೇಶದಲ್ಲಿ ಕಾಲೇಜಿನ ಪುಸ್ತಕ ಅಗ್ಗವಾದದ್ದಕ್ಕೆ ಒಂದು ದೊಡ್ಡ ಕಥೆಯೇ ಇದೆ.

ನಮ್ಮ ತಲೆಮಾರಿನವರಿಗೆ ರೇಷನ್ ಗೋಧಿಯ ನೆನಪಿದ್ದೇ ಇರುತ್ತದೆ. ಅಕ್ಕಿಯ ಊಟವೇ ಊಟ ಎಂದುಕೊಂಡಿದ್ದ ಮಲೆನಾಡಿನ ಮನೆಗಳಿಗೂ ಬಂದ ಅಮೆರಿಕದ ಗೋಧಿ. ಅಮ್ಮ ಅದರಲ್ಲಿ ಉಪ್ಪಿಟ್ಟು, ಗಟ್ಟಿ ಚಪಾತಿ ಮಾಡಿ ಬಯ್ಯುತ್ತಲೇ ಬಡಿಸುತ್ತಿದ್ದಳು. ಅಮೆರಿಕ 1954ರಲ್ಲಿ ಮಾಡಿದ ಪಿ.ಎಲ್. 480 ಎಂಬ ಕಾನೂನಿನ ಪ್ರಕಾರ ಬಂದ ಗೋಧಿ ಅದು. ಭಾರತ 1956ರಲ್ಲಿ ಅದರ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮ ಬಳಿ ಡಾಲರ್ ಇರಲಿಲ್ಲವಾದ್ದರಿಂದ ಬೆಲೆಯನ್ನು ರೂಪಾಯಿಯಲ್ಲೇ ಕೊಡುವ ಏರ್ಪಾಡಾಯಿತು. ಆ ರೂಪಾಯಿಯನ್ನು ಅಮೆರಿಕಕ್ಕೆ ಒಯ್ದು ಏನು ಮಾಡುವುದು? ಅದು ಇಲ್ಲಿಯೇ ರಾಶಿ ಬಿತ್ತು. ಹೆಚ್ಚಿನ ಪಾಲು ಭಾರತಕ್ಕೇ ಸಾಲವಾಗಿ ಹೋಯಿತು. ಒಂದು ಸಣ್ಣ ಪಾಲು ಅಮೆರಿಕದ ಕಾಲೇಜು ಪುಸ್ತಕಗಳನ್ನು ಇಲ್ಲೇ ಕಡಿಮೆ ಬೆಲೆಯಲ್ಲಿ ಅಚ್ಚು ಹಾಕಿಸಲು ಹೋಯಿತು. 1960ರ ದಶಕದಿಂದ ಎಂಜಿನಿಯರಿಂಗ್, ವಿಜ್ಞಾನ, ಅರ್ಥಶಾಸ್ತ್ರದ ಎಷ್ಟೋ ಪುಸ್ತಕಗಳು ಹೀಗೆ ತೆಳು ಕಾಗದದಲ್ಲಿ, ರಟ್ಟಿಲ್ಲದ ಹೊದಿಕೆಯಲ್ಲಿ ನಮ್ಮ ಕೈಗೆ ಬಂದವು. ಲೆಕ್ಕ ಕೊನೆಗೆ ಚುಕ್ತಾ ಆದದ್ದು 1974ರಲ್ಲಿ. ಅಮೆರಿಕದ ರಾಯಭಾರಿ ಡ್ಯಾನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರದ ಕೈಗಿತ್ತರು. ಅಮ್ಮ ಬಯ್ಯುತ್ತ ಲಟ್ಟಿಸಿದ ಚಪಾತಿಗೂ ಅಣ್ಣನ ಪುಸ್ತಕಗಳಿಗೂ ಇಂಥ ನಂಟು ಇದ್ದೀತು ಎಂದು ಯಾರು ತಾನೇ ಅಂದುಕೊಂಡಿದ್ದರು!

ಇಂಗ್ಲೆಂಡಿನವರು ಹಿಂದೆ ಬೀಳಲಿಲ್ಲ. ಇ.ಎಲ್.ಬಿ.ಎಸ್. ಎಂಬ ಮೂರು ನಾಲ್ಕು ಅಕ್ಷರ ನಿಮ್ಮ ಮನೆಯ ಯಾವುದಾದರೂ ಹಳೆಯ ಪುಸ್ತಕದ ಬೆನ್ನ ಮೇಲೆ ಇದ್ದೀತು, ನೋಡಿ. ಇಂಗ್ಲಿಷ್ ಲ್ಯಾಂಗ್ವೇಜ್ ಬುಕ್ ಸೊಸೈಟಿ. 1960ರ ಸುಮಾರಿಗೆ ಬ್ರಿಟಿಷ್ ಸರ್ಕಾರದ ಹಣದಿಂದ ಶುರುವಾದ ಯೋಜನೆ. ಗ್ರೇಯವರ ಅನಾಟಮಿ, ಬೈಲಿ ಮತ್ತು ಲವ್ ಅವರ ಶಸ್ತ್ರಚಿಕಿತ್ಸೆಯ ಗ್ರಂಥ, ಡೇವಿಡ್‌ಸನ್ ಅವರ ವೈದ್ಯಶಾಸ್ತ್ರ, ವೋಗಲ್ ಅವರ ಕೆಮಿಸ್ಟ್ರಿ ಎಲ್ಲವೂ ಈ ಆವೃತ್ತಿಯಲ್ಲಿ ಬಂದವು. ನಮ್ಮೂರುಗಳಲ್ಲಿ ನಾಡಿ ಹಿಡಿದ ಎಷ್ಟೋ ಡಾಕ್ಟರಮ್ಮಂದಿರು ಓದಿದ್ದು ಇವನ್ನೇ.

ರಷ್ಯಾದ ಪುಸ್ತಕಗಳದು ಇನ್ನೊಂದು ಬಗೆ. ಮಾಸ್ಕೋದ ಮೀರ್ ಪ್ರಕಾಶನದ ಗಟ್ಟಿ ರಟ್ಟಿನ ಪುಸ್ತಕಗಳು. ಇರೊಡೊವ್ ಅವರ ಭೌತಶಾಸ್ತ್ರದ ಲೆಕ್ಕಗಳು, ಪಿಸ್ಕುನೊವ್ ಅವರ ಕ್ಯಾಲ್ಕುಲಸ್. ಕರ್ನಾಟಕದಲ್ಲಿ ಅವನ್ನು ಮಾರುತ್ತಿದ್ದದ್ದು 1960ರಲ್ಲಿ ಆರಂಭವಾದ ನವಕರ್ನಾಟಕ. ನಾನು ಕೊಂಡ ಒಂದೇ ಒಂದು ಹೊಸ ಪುಸ್ತಕ ಅಂಥ ಪ್ರದರ್ಶನದಲ್ಲಿ ಕೊಂಡದ್ದು. ಅದರ ಬೆಲೆ ಒಂದು ಜೊತೆ ಹವಾಯಿ ಚಪ್ಪಲಿಗಿಂತ ಕಡಿಮೆ ಇತ್ತು. ಆ ವರ್ಷ ನಾನು ಹಳೆಯ ಚಪ್ಪಲಿಯನ್ನೇ ಹೊಲಿಸಿಕೊಂಡೆ.

ಇವರೆಲ್ಲ ನಮ್ಮ ಮೇಲಿನ ಪ್ರೀತಿಯಿಂದಲೇ ಕೊಟ್ಟರು ಎಂದು ಹೇಳಲಾರೆ. ಅದು ಶೀತಲ ಸಮರದ ಕಾಲ. ಬಡ ದೇಶದ ಓದುವ ಮಕ್ಕಳ ಮನಸ್ಸು ತಮ್ಮ ಕಡೆಗಿರಲಿ ಎಂಬ ಲೆಕ್ಕ ಎಲ್ಲರಿಗೂ ಇತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಲ್ಲಿಂದ ಬರುತ್ತಿದ್ದ ಪುಸ್ತಕ ನಿಂತಿತು. 1990ರ ದಶಕ ಮುಗಿಯುವುದರೊಳಗೆ ಇ.ಎಲ್.ಬಿ.ಎಸ್. ಕೂಡ ಮುಚ್ಚಿತು. ಬೇರೆಯವರು ತಮ್ಮ ಕಾರಣಕ್ಕೆ ಕೊಟ್ಟದ್ದು ಅವರ ಕಾರಣ ಮುಗಿದಾಗ ನಿಲ್ಲುತ್ತದೆ. ಸಂಸಾರ ನಡೆಸಿದ ನಮಗೆ ಇದು ಹೊಸ ಪಾಠವೇನಲ್ಲ.

ನಮ್ಮವರೂ ಕೈಕಟ್ಟಿ ಕೂತಿರಲಿಲ್ಲ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ವಿಶ್ವವಿದ್ಯಾನಿಲಯಕ್ಕೆ ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರು ಅಂಗ ಇರಬೇಕು ಎಂಬುದು ಅವರ ಯೋಚನೆ. ಕಾಲೇಜಿನ ಪಾಠ ಕನ್ನಡದಲ್ಲಿ ನಡೆಯಬೇಕಾದರೆ ಕನ್ನಡದಲ್ಲಿ ಪುಸ್ತಕ ಬೇಕಲ್ಲ? ಆ ಕೆಲಸವನ್ನು ಪ್ರಸಾರಾಂಗ ಹೊತ್ತುಕೊಂಡಿತು. ಲಾಭದ ಆಸೆಯಿಲ್ಲದೆ ಅಚ್ಚು ಹಾಕಿದ ಆ ಪುಸ್ತಕಗಳು ಹಳ್ಳಿಯಿಂದ ಬಂದ ಮಕ್ಕಳ ಕೈಗೆಟುಕಿದವು.

ಆಮೇಲೆ ಬಂದದ್ದು ಬುಕ್ ಬ್ಯಾಂಕ್. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೆಡಿಕಲ್, ಎಂಜಿನಿಯರಿಂಗ್ ಸೀಟು ಗಳಿಸಿಯೂ ದುಬಾರಿ ಪುಸ್ತಕ ಕೊಳ್ಳಲಾಗದೆ ಓದು ಬಿಡಬಾರದು ಎಂದು ಕೇಂದ್ರ ಸರ್ಕಾರ 1970ರ ದಶಕದ ಕೊನೆಗೆ ಈ ಯೋಜನೆ ತಂದಿತು. ಒಂದು ಸೆಟ್ಟು, ಇಬ್ಬರು ಓದುವವರು. ಎಲ್ಲ ಮಕ್ಕಳಿಗೂ ಪುಸ್ತಕ ಕೊಡುವ ಬುಕ್ ಬ್ಯಾಂಕನ್ನು ಬೇರೆ ಕಾಲೇಜುಗಳೂ ಇಟ್ಟವು. ನಮ್ಮ ಹಾಸ್ಟೆಲಿನಲ್ಲಿ ಹಾಗೆ ಒಂದೇ ಪುಸ್ತಕ ಹಂಚಿಕೊಂಡ ಇಬ್ಬರು ಗೆಳತಿಯರಿದ್ದರು. ಒಬ್ಬಳು ರಾತ್ರಿ ಹತ್ತರವರೆಗೆ ಓದಿ ಮಲಗುವಾಗ ಇನ್ನೊಬ್ಬಳ ದಿಂಬಿನ ಕೆಳಗೆ ಪುಸ್ತಕ ಇಡುತ್ತಿದ್ದಳು. ಅವಳು ಬೆಳಗಿನ ನಾಲ್ಕಕ್ಕೆ ಎದ್ದು ಓದುತ್ತಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಇಬ್ಬರೂ ಒಂದೇ ಮಂಚದ ಮೇಲೆ!

ಹಳೆಯ ಪುಸ್ತಕದ ಅಂಗಡಿಗಳ ಮಾತು ಹೇಳದಿದ್ದರೆ ತಪ್ಪಾದೀತು. ಕಲ್ಕತ್ತೆಗೆ ಕಾಲೇಜ್ ಸ್ಟ್ರೀಟ್ ಇದ್ದಂತೆ ಬೆಂಗಳೂರಿಗೆ ಅವೆನ್ಯೂ ರಸ್ತೆ. ಮದರಾಸಿನ ಮೂರ್ ಮಾರ್ಕೆಟ್ಟೂ ಹಾಗೆಯೇ ಇತ್ತು, 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಣ್ಣ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಪುಸ್ತಕಗಳ ಕಥೆಯನ್ನು ರಜೆಯಲ್ಲಿ ವೀರಗಾಥೆಯಂತೆ ಹೇಳುತ್ತಿದ್ದ. ನಾನೂ ಬರುತ್ತೇನೆ ಎಂದರೆ, "ಆ ನೂಕುನುಗ್ಗಲಲ್ಲಿ ನಿನಗೇನು ಕೆಲಸ?" ಎಂದು ಮನೆಯಲ್ಲಿ ಎಲ್ಲರೂ ಒಟ್ಟಿಗೇ ಹೇಳಿದರು. ನನ್ನಂಥ ಹುಡುಗಿಯರ ಅವೆನ್ಯೂ ರಸ್ತೆ ಎಂದರೆ ಹಾಸ್ಟೆಲಿನ ಜಗಲಿ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಸಂಜೆ ಅಲ್ಲಿ ಪುಸ್ತಕಗಳ ಸಾಲು. ಮಡಿಕೆ ಬೀಳದ ಪುಸ್ತಕಕ್ಕೆ ಮುಕ್ಕಾಲು, ರಟ್ಟು ಹೋದದ್ದಕ್ಕೆ ಅರ್ಧ, ಪುಟದ ಅಂಚಿನಲ್ಲಿ ಒಳ್ಳೆಯ ಟಿಪ್ಪಣಿ ಬರೆದಿದ್ದರೆ ಎಂಟಾಣೆ ಹೆಚ್ಚು. ಈ ಮಾರುಕಟ್ಟೆಯ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಆದರೆ ನಾವು ಹಲವರು ಪದವಿ ಪಡೆದದ್ದು ಅದರಿಂದ.

ಪುಸ್ತಕವೇ ಸಿಗದಿದ್ದರೆ? ಲೈಬ್ರರಿಯಲ್ಲಿ ಕೂತು ಕೈಯಾರೆ ಬರೆದುಕೊಳ್ಳುವುದು. ಬೆರಳು ನೋಯುವವರೆಗೆ ನಾವು ಹಾಗೆ ಬರೆದಿದ್ದೇವೆ. ದೂರದ ನ್ಯೂಯಾರ್ಕಿನಲ್ಲೂ ಒಬ್ಬ ಹಾಗೆಯೇ ಬರೆಯುತ್ತಿದ್ದ. ಅವನ ಹೆಸರು ಚೆಸ್ಟರ್ ಕಾರ್ಲ್‌ಸನ್. ಹಗಲು ಪೇಟೆಂಟ್ ವಿಭಾಗದಲ್ಲಿ ಕೆಲಸ, ರಾತ್ರಿ ಕಾನೂನು ಕಾಲೇಜು. ಪುಸ್ತಕ ಕೊಳ್ಳಲು ದುಡ್ಡಿಲ್ಲದೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾನೂನಿನ ಪುಸ್ತಕಗಳನ್ನು ನಕಲು ಮಾಡಿಕೊಳ್ಳುತ್ತಿದ್ದ. ಇದಕ್ಕೊಂದು ಸುಲಭದ ದಾರಿ ಬೇಡವೇ ಎಂದು ತಲೆ ಕೆಡಿಸಿಕೊಂಡ. ಅವನು 1938ರಲ್ಲಿ ಬೆಳಕು, ವಿದ್ಯುತ್ತು, ಪುಡಿ ಬಳಸಿ ಮೊದಲ ಪ್ರತಿ ತೆಗೆದ. ಅದೇ 1959ರಲ್ಲಿ ಜೆರಾಕ್ಸ್ ಯಂತ್ರವಾಗಿ ಮಾರುಕಟ್ಟೆಗೆ ಬಂತು. ಇವತ್ತು ಪ್ರತಿಯೊಂದು ಕಾಲೇಜಿನ ಗೇಟಿನೆದುರು ಇರುವ ಜೆರಾಕ್ಸ್ ಅಂಗಡಿಯ ಹಿಂದೆ ಪುಸ್ತಕ ಕೊಳ್ಳಲಾಗದ ಒಬ್ಬ ವಿದ್ಯಾರ್ಥಿಯ ನೋಯುವ ಕೈ ಇದೆ.

ಈ ಜೆರಾಕ್ಸ್ ಅಂಗಡಿಯೇ ಒಮ್ಮೆ ಕೋರ್ಟು ಹತ್ತಿತು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಎಂಬ ಪುಟ್ಟ ಅಂಗಡಿ. ಅಧ್ಯಾಪಕರು ಸೂಚಿಸಿದ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಪ್ರತಿ ತೆಗೆದು ಒಂದು ಕಟ್ಟು ಮಾಡಿ ಮಕ್ಕಳಿಗೆ ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ದೊಡ್ಡ ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ವಿದ್ಯಾರ್ಥಿಗಳು ತಾವೂ ಈ ಮೊಕದ್ದಮೆಯಲ್ಲಿ ಸೇರಿಕೊಂಡರು. ಅಮರ್ತ್ಯ ಸೇನ್ ಅವರೂ ಸೇರಿ ಹಲವು ವಿದ್ವಾಂಸರು ಇದನ್ನು ಕೈಬಿಡಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ಆ ವಿದ್ವಾಂಸರಲ್ಲಿ ಅದೇ ಪ್ರಕಾಶಕರಿಗೆ ಪುಸ್ತಕ ಬರೆದುಕೊಟ್ಟವರೂ ಇದ್ದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು. ಪಾಠದ ಅಗತ್ಯಕ್ಕಾಗಿ ಪ್ರತಿ ಮಾಡಿಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶ ಇದೆ ಎಂಬುದು ತೀರ್ಪಿನ ಸಾರ. ಅದೇ ಡಿಸೆಂಬರಿನಲ್ಲಿ ಮೇಲಿನ ಪೀಠವೂ ಈ ಅವಕಾಶವನ್ನು ಒಪ್ಪಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆಯಿಂದ ಹಿಂದೆ ಸರಿದರು. ಹಾಗೆಂದು ಇಡೀ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಫುಟ್‌ಪಾತಿನಲ್ಲಿ ಮಾರುವುದು ಸರಿ ಎಂದು ಕೋರ್ಟು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ವರ್ಷಗಟ್ಟಲೆ ಕೂತು ಬರೆದವರ ಶ್ರಮಕ್ಕೂ ಬೆಲೆ ಇದೆಯಲ್ಲ.

ಇನ್ನೊಂದು ಮೊಕದ್ದಮೆ ಅಮೆರಿಕದ್ದು. ಸುಪಾನ್ ಎಂದೋ ಏನೋ ಎಂದು ನನ್ನ ನಾಲಿಗೆ ತೊಡರುತ್ತಿತ್ತು, ಸರಿಯಾದ ಹೆಸರು ಸುಪಾಪ್ ಕರ್ಟ್‌ಸೇಂಗ್. ಥಾಯ್ಲೆಂಡಿನ ಹುಡುಗ. 1997ರಲ್ಲಿ ಗಣಿತ ಓದಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದ. ಅದೇ ಪ್ರಕಾಶಕರ ಅದೇ ಪುಸ್ತಕ ತನ್ನ ಊರಿನಲ್ಲಿ ಎಷ್ಟೋ ಪಾಲು ಅಗ್ಗ ಎಂಬುದು ಅವನ ಕಣ್ಣಿಗೆ ಬಿತ್ತು. ಮನೆಯವರಿಂದ ತರಿಸಿ ಅಲ್ಲಿ ಮಾರತೊಡಗಿದ. ವೈಲಿ ಪ್ರಕಾಶನ 2008ರಲ್ಲಿ ದಾವೆ ಹೂಡಿತು. ಕೆಳಗಿನ ಕೋರ್ಟಿನಲ್ಲಿ ಅವನಿಗೆ 6 ಲಕ್ಷ ಡಾಲರ್ ದಂಡ ಬಿತ್ತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ನ್ಯಾಯವಾಗಿ ಕೊಂಡ ಪುಸ್ತಕ ಕೊಂಡವನದು, ಅದನ್ನು ಮರಳಿ ಮಾರುವ ಹಕ್ಕು ಅವನದೇ ಎಂದು ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಈ ಸುದ್ದಿ ಓದಿದಾಗ ನನ್ನ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತು. ನಮಗೆ ಅಗ್ಗವಾಗಿ ಸಿಕ್ಕ ಪುಸ್ತಕಕ್ಕೆ ಅಲ್ಲಿನ ವಿದ್ಯಾರ್ಥಿ ದುಪ್ಪಟ್ಟು, ಮುಪ್ಪಟ್ಟು ತೆರುತ್ತಿದ್ದ. ಅವರಲ್ಲೂ ಸಾಲ ಮಾಡಿ ಓದುವವರು ಇದ್ದರಲ್ಲವೇ?

ಈಗ ನನ್ನ ಖಾಲಿ ಜಾಗದ ಮಾತು.

1984ರಲ್ಲಿ ನನ್ನ ಕೊನೆಯ ಪರೀಕ್ಷೆ ಮುಗಿದ ಮೇಲೆ ಮೊದಲ ವರ್ಷದ ಹುಡುಗಿಯೊಬ್ಬಳು ಕೋಣೆಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೈಯಲ್ಲಿ ಕರವಸ್ತ್ರದಲ್ಲಿ ಕಟ್ಟಿದ ದುಡ್ಡು. ಉಳಿದ ಪುಸ್ತಕಗಳನ್ನೆಲ್ಲ ಅವಳಿಗೆ ಕೊಟ್ಟೆ. "ಆರ್ಗ್ಯಾನಿಕ್ ಇಲ್ವಾ ಅಕ್ಕ?" ಎಂದಳು. ಅದು ಟ್ರಂಕಿನ ತಳದಲ್ಲಿ ಸೀರೆಯ ಕೆಳಗಿತ್ತು. "ಕಳೆದುಹೋಯ್ತು ಕಣೇ" ಎಂದೆ. ಯಾಕೆ ಹಾಗೆ ಹೇಳಿದೆ? ಅದು ನನಗೆ ತುಂಬ ಮೆಚ್ಚಿನ ಪುಸ್ತಕ. ನನ್ನದು ಎಂದು ಹೇಳಿಕೊಳ್ಳುವ ವಸ್ತು ಬೇರೆ ಏನೂ ಇರಲಿಲ್ಲ. ಮದುವೆಯಾಗಿ ಎಲ್ಲಿಗೆ ಹೋಗುತ್ತೇನೋ, ಇದೊಂದಾದರೂ ಜೊತೆಗಿರಲಿ ಅನಿಸಿತ್ತು. ಅವಳು "ಪರವಾಗಿಲ್ಲ ಅಕ್ಕ, ಲೈಬ್ರರಿಯಲ್ಲಿ ಬರೆದುಕೊಳ್ತೀನಿ" ಎಂದು ನಗುತ್ತಲೇ ಹೋದಳು. ಮರುವರ್ಷ ಅವಳು ಕಾಲೇಜಿಗೆ ಬರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಕಾರಣ ಏನಿತ್ತೋ. ನನ್ನ ಒಂದು ಪುಸ್ತಕದಿಂದಲೇ ಹಾಗಾಯಿತು ಎಂದು ಹೇಳಲಾರೆ. ಆದರೆ ನಮ್ಮಪ್ಪ ಆಡಿದ್ದೂ ಪುಸ್ತಕದ ಖರ್ಚಿನ ಮಾತನ್ನೇ ಅಲ್ಲವೇ? ಅವಳ ಅಪ್ಪ ಏನು ಆಡಿದರೋ.

ಅಷ್ಟು ಜನ ನನಗಾಗಿ ಉಳಿದ ಪಾಲು ಕೊಟ್ಟಿದ್ದರು. ನನ್ನ ಸರದಿ ಬಂದಾಗ ನಾನು ಕೊಡಲಿಲ್ಲ.

ಇದನ್ನೆಲ್ಲ ತಮ್ಮನ ಮಗಳಿಗೆ ಹೇಳಿದ್ದು ಒಂದು ವಾರ ಬಿಟ್ಟು. ಅಷ್ಟರಲ್ಲಿ ಅವಳ ಪಟ್ಟಿ ಚಿಕ್ಕದಾಗಿತ್ತು. ಎರಡು ಪುಸ್ತಕ ಕೊನೆಯ ವರ್ಷದ ಹುಡುಗಿಯಿಂದ ಅರ್ಧ ಬೆಲೆಗೆ. ಹಿಂದಿನ ಆವೃತ್ತಿಯಾದರೂ ಪಾಠ ಅದೇ ಎಂದು ಮೇಡಂ ಹೇಳಿದರಂತೆ. ಎರಡು ಲೈಬ್ರರಿಯಿಂದ. ಪಿ.ಯು.ಸಿ.ಯ ಪಾಠ ತಿರುವಿ ಹಾಕಲು ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಮೊಬೈಲಿನಲ್ಲೇ ಉಚಿತ. ಐ.ಐ.ಟಿ. ಖರಗ್‌ಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ಅವಳೇ ನನಗೆ ತೆರೆದು ತೋರಿಸಿದಳು. ಕೊನೆಗೆ ಹೊಸದಾಗಿ ಕೊಂಡದ್ದು ಒಂದೇ ಪುಸ್ತಕ. ನಾಲ್ಕೂವರೆ ಸಾವಿರ ಸಾವಿರದ ಮುನ್ನೂರಕ್ಕೆ ಇಳಿಯಿತು.

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಹಳೆಯ ಹಾರ್ಮೋನಿಯಂ ಇಡುವ ಕಪಾಟಿನ ಎರಡು ಅರೆ ಖಾಲಿ ಇದ್ದವು. ಈ ಏಪ್ರಿಲಿನಿಂದ ಅಲ್ಲಿ ಕಾಲೇಜು ಪುಸ್ತಕ ಇಡುತ್ತಿದ್ದೇವೆ. ಒಯ್ದವರು ವರ್ಷ ಮುಗಿದ ಮೇಲೆ ತಂದಿಟ್ಟರೆ ಸಾಕು, ದುಡ್ಡಿನ ಮಾತಿಲ್ಲ. ಹತ್ತೊಂಬತ್ತು ಪುಸ್ತಕ ಸೇರಿವೆ. ನಿಮ್ಮ ಅಟ್ಟದಲ್ಲೂ ಒಂದು ಟ್ರಂಕು ಇದ್ದೀತು, ಒಮ್ಮೆ ಇಳಿಸಿ ನೋಡಿ.

ಮಾರಿಸನ್ ಬಾಯ್ಡ್ ಮಾತ್ರ ಈಗ ತಮ್ಮನ ಮಗಳ ಮೇಜಿನ ಮೇಲಿದೆ. ಹಳೆಯದಾದರೂ ಇದರಲ್ಲಿ ಬಿಡಿಸಿ ಹೇಳಿದ್ದು ಚೆನ್ನಾಗಿ ಅರ್ಥವಾಗುತ್ತದೆ ಎನ್ನುತ್ತಾಳೆ. ನನ್ನ ಹೆಸರಿನ ಕೆಳಗೆ ತನ್ನ ಹೆಸರು ಬರೆದುಕೊಂಡಿದ್ದಾಳೆ. ಬೆಲೆಯ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಳು.

"ಏನೂ ಬೇಡ, ಬಿಡು. ಅದು ನಿನಗೆ ಬರಬೇಕಾದ ಪುಸ್ತಕ ಅಲ್ಲ. ಮೂರು ವರ್ಷ ಆದ ಮೇಲೆ ಮರೆಯದೆ ಇನ್ನೊಬ್ಬಳಿಗೆ ಕೊಡು" ಎಂದೆ.